ಕೆಂಪು ಚುಕ್ಕೆ ಇಲ್ಲದ ಊರು

ಹಲಗೂರಿನ ಪಕ್ಕದ ಹಟ್ಟಿಯ ಕರಿಸಿದ್ದಯ್ಯನಿಗೆ ಸರ್ಕಾರದ ಕೆಲಸ ಸಿಕ್ಕಿದ್ದು ಹುಳಗಳ ದೆಸೆಯಿಂದ. ಆಗ ಎರಡನೆಯ ಮಹಾಯುದ್ಧ ಶುರುವಾಗಿ ನಾಲ್ಕು ವರ್ಷವಾಗಿತ್ತು. ದನಗಳ ಗಾಯಕ್ಕೆ ಬೀಳುವ ಹುಳ ಯಾವ ನೊಣದ್ದು, ಆ ನೊಣ ಯಾವ ಊರಲ್ಲಿದೆ, ಯಾವ ಊರಲ್ಲಿಲ್ಲ ಎಂದು ಗುರುತು ಮಾಡಲು ಬೆಂಗಳೂರಿನಿಂದ ಒಬ್ಬ ಇನ್ಸ್‌ಪೆಕ್ಟರು ಮಂಡ್ಯಕ್ಕೆ ಬಂದು, ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದಿದ್ದರು. ಓದು ಬರಹ ಬಲ್ಲ, ಹುಳಕ್ಕೆ ಹೇಸದ ಒಬ್ಬ ಆಳು ಅವರಿಗೆ ಬೇಕಾಗಿತ್ತು. ಓದು ಬಲ್ಲವರು ಹೇಸುತ್ತಿದ್ದರು. ಹೇಸದವರಿಗೆ ಓದು ಇರಲಿಲ್ಲ. ಕರಿಸಿದ್ದಯ್ಯ ಸತ್ತ ದನ ಸುಲಿಯುತ್ತಿದ್ದವನ ಮಗ, ಹಟ್ಟಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕೂತಿದ್ದವನು. ಇನ್ಸ್‌ಪೆಕ್ಟರು ಅವನಿಗೆ ಒಂದು ಚಿಮಟ, ಸ್ಪಿರಿಟ್ ತುಂಬಿದ ಗಾಜಿನ ಕೊಳವೆಗಳು, ಮರಳು ಹಾಕಿದ ಅಗಲ ಬಾಯಿಯ ಸೀಸೆಗಳು ಮತ್ತು ಖಾಕಿ ಚೀಲ ಕೊಟ್ಟು ಕಳಿಸಿದರು.

ಕೆಲಸ ಕೇಳಲು ಸುಲಭ. ಊರಿಗೆ ಹೋಗಬೇಕು, ಹುಳ ಬಿದ್ದ ದನ ಹುಡುಕಬೇಕು, ಗಾಯದಿಂದ ಹುಳ ಕೀಳಬೇಕು. ಅರ್ಧದಷ್ಟು ಸ್ಪಿರಿಟ್‌ಗೆ, ಉಳಿದರ್ಧ ಜೀವಂತವಾಗಿ ಮರಳಿನ ಸೀಸೆಗೆ. ಮರಳೊಳಗೆ ಇಳಿದ ಹುಳ ಏಳೆಂಟು ದಿನಕ್ಕೆ ನೊಣವಾಗಿ ಏಳುತ್ತಿತ್ತು. ಚೀಟಿಯ ಮೇಲೆ ಊರು, ತಾರೀಖು, ಯಾವ ಪ್ರಾಣಿ, ಯಾವ ಅಂಗ ಎಂದು ಬರೆದು ಅಂಟಿಸಬೇಕು. ಕೋಣೆಯ ಗೋಡೆಗೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ದೊಡ್ಡ ನಕ್ಷೆಯೊಂದನ್ನು ಬಡಿದಿದ್ದರು. ಕೊಳೆತ ಮಾಂಸಕ್ಕೆ ಮಾತ್ರ ಮುತ್ತುವ ನೊಣ ಸಿಕ್ಕ ಊರಿಗೆ ನೀಲಿ ಚುಕ್ಕೆ. ಬದುಕಿರುವ ಮೈಯನ್ನೇ ಕೊರೆದು ತಿನ್ನುವ ನೊಣ ಸಿಕ್ಕ ಊರಿಗೆ ಕೆಂಪು ಚುಕ್ಕೆ. ಇನ್ಸ್‌ಪೆಕ್ಟರು ಅವುಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕರಿಸಿದ್ದಯ್ಯ ತನ್ನ ಅನುಕೂಲಕ್ಕೆ ಒಂದನ್ನು ಹೆಣದ ನೊಣ ಎಂದೂ ಇನ್ನೊಂದನ್ನು ಜೀವದ ನೊಣ ಎಂದೂ ಕರೆದುಕೊಂಡಿದ್ದ. ಮೂರು ತಿಂಗಳಲ್ಲಿ ಅವನ ಕಣ್ಣು ಎಷ್ಟು ಪಳಗಿತ್ತೆಂದರೆ, ಗಾಯ ನೋಡಿದ ತಕ್ಷಣ ಯಾವ ನೊಣದ್ದೆಂದು ಹೇಳಿಬಿಡುತ್ತಿದ್ದ. ಹೆಣದ ನೊಣದ ಹುಳ ಗಾಯದ ಮೇಲೆ ಹೊರಳಾಡಿಕೊಂಡಿರುತ್ತದೆ. ಜೀವದ ನೊಣದ ಹುಳ ತಲೆ ಒಳಗೆ ಹುಗಿದು, ಬಾಲ ಮಾತ್ರ ಹೊರಗಿಟ್ಟುಕೊಂಡು, ಸಾಲಾಗಿ ನಾಟಿ ಹಾಕಿದ ಹಾಗೆ ನಿಂತಿರುತ್ತದೆ. ಮುಟ್ಟಿದರೆ ಇನ್ನೂ ಒಳಕ್ಕೆ ಹೋಗುತ್ತದೆ.

ಆ ಚುಕ್ಕೆಗಳಿಗೆ ಬೆಲೆ ಇತ್ತು. ಯುದ್ಧದ ದೆಸೆಯಿಂದ ಫಿನಾಯಿಲು, ಟರ್ಪೆಂಟೈನು ಯಾವುದೂ ಸಿಗದ ಕಾಲ. ಸಿಕ್ಕಷ್ಟನ್ನು ಬೆರೆಸಿ 'ಹುಳದ ಎಣ್ಣೆ' ಮಾಡಿ, ಕೆಂಪು ಚುಕ್ಕೆ ಬಿದ್ದ ಊರುಗಳಿಗೆ ಮಾತ್ರ ಹಂಚಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಶಿಂಷಾ ಹೊಳೆಯ ದಂಡೆಯುದ್ದಕ್ಕೂ, ಹಲಗೂರಿನ ಆಚೆ ಕಾಡಂಚಿನಲ್ಲೂ, ನಾಲೆಯ ನೀರು ಹರಿದು ಕಬ್ಬು ಬೆಳೆದ ಕಡೆಯೆಲ್ಲ ಕೆಂಪು ಬಿದ್ದಿತ್ತು. ಬಸರಾಳಿನ ಕಡೆ ಮಾತ್ರ ನಕ್ಷೆ ಬೆಳ್ಳಗೆ ಉಳಿದಿತ್ತು.

"ಅದು ಒಣಭೂಮಿ. ಅಲ್ಲಿ ಈ ನೊಣ ಇಲ್ಲ ಅಂತಲೇ ನನ್ನ ಅಂದಾಜು," ಎಂದರು ಇನ್ಸ್‌ಪೆಕ್ಟರು. "ಒಂದು ಸುತ್ತು ಹೋಗಿ ಬಾ ಕರಿಸಿದ್ದಯ್ಯ. ಇಲ್ಲ ಅಂದರೆ ಇಲ್ಲ ಅಂತ ಬರೆದು ಮುಗಿಸೋಣ."

ಕರಿಸಿದ್ದಯ್ಯನಿಗೆ ಒಳಗೊಳಗೇ ಸಂತೋಷವಾಯಿತು. ಅವನ ಹೆಂಡತಿ ದೇವಿರಮ್ಮನ ತವರು ಬಸರಾಳಿಗೆ ಒಂದು ಹರದಾರಿ ದೂರದ ಕರೇಕೊಪ್ಪಲು. ಮೂರು ವರ್ಷದಿಂದ ಆ ಕಡೆ ಹೋಗಿರಲಿಲ್ಲ. ಮಾವ ಕೆಂಪಸಿದ್ದಯ್ಯ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾನೆಂದೂ, ಅತ್ತೆ ಪುಟ್ಟಮಾದಮ್ಮ ಒಬ್ಬಳೇ ಇದ್ದಾಳೆಂದೂ ಸಂತೆಗೆ ಬಂದವರ ಬಾಯಿಂದ ಸುದ್ದಿ ಬರುತ್ತಿತ್ತು. ಬರಬೇಡಿ, ಇಲ್ಲಿ ಉಣ್ಣಲು ಕಷ್ಟ ಎಂದು ಅತ್ತೆ ಹೇಳಿಕಳಿಸುತ್ತಿದ್ದಳು.

ಕರೇಕೊಪ್ಪಲಿನಲ್ಲಿ ಅವನು ಮೊದಲು ಹೋದದ್ದು ಪಟೇಲ ಹುಚ್ಚೀರಯ್ಯನ ಮನೆಗೆ. ಜಗಲಿಯಿಂದ ದೂರ ನಿಂತು, ಚೀಲ ಕೆಳಗಿಟ್ಟು, ಬಂದ ಕೆಲಸ ಹೇಳಿದ.

"ನಮ್ಮೂರಲ್ಲಿ ಹುಳ ಬಿದ್ದ ದನ ಯಾವೂ ಇಲ್ಲ ಕಣ್ಲಾ," ಎಂದ ಹುಚ್ಚೀರಯ್ಯ.

"ಒಂದು ಸಲ ಕೊಟ್ಟಿಗೆ ನೋಡಾಕೆ ಅಪ್ಪಣೆ ಕೊಟ್ರೆ, ಬುದ್ದಿ..."

"ಇಲ್ಲ ಅಂದ್ನಲ್ಲ. ಬರ್ಕೊಂಡೋಗಿ ಮಿಲಿಟ್ರಿಯೋರ್ಗೆ ಕೊಡಾಕಾ? ನಿಡಘಟ್ಟದ ತಾವ ಇಂಗೇ ಬರ್ಕೊಂಡೋಗಿ ಗಾಯದ ದನ ಎಲ್ಲಾನೂ ಕಸಾಯಿಗೆ ಸಾಗಿಸುದ್ರಂತೆ."

ನಿಡಘಟ್ಟದಲ್ಲಿ ಬರೆದುಕೊಂಡವನು ತಾನೇ, ಅಲ್ಲಿಂದ ಒಂದು ಕರುವನ್ನೂ ಯಾರೂ ಸಾಗಿಸಿಲ್ಲ ಎಂದು ಕರಿಸಿದ್ದಯ್ಯ ಹೇಳಿದ. ಪಟೇಲ ಎಲೆಯಡಿಕೆ ಮೆಲ್ಲುತ್ತ ಬೇರೆ ಕಡೆ ನೋಡಿದ. ಮುಚ್ಚಿದ ಕೊಟ್ಟಿಗೆಯಿಂದ ಬೇವಿನೆಣ್ಣೆಯ ವಾಸನೆಯೂ, ಅದರಡಿ ಇನ್ನೊಂದು ವಾಸನೆಯೂ ಬರುತ್ತಿತ್ತು. ಆ ಎರಡನೆಯದು ಕರಿಸಿದ್ದಯ್ಯನಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ಆದರೆ ಆ ಬಾಗಿಲು ದಾಟಲು ಅವನಿಂದಾಗುವ ಹಾಗಿರಲಿಲ್ಲ. ಚೀಲ ಎತ್ತಿಕೊಂಡು ಹಟ್ಟಿಯ ಕಡೆ ನಡೆದ.

ಪುಟ್ಟಮಾದಮ್ಮ ಅಳಿಯನನ್ನು ಕಂಡು ಗಾಬರಿಯಾದಳು. ಬಾ ಎಂದಳು, ನೀರು ಕೊಟ್ಟಳು, ಮಗಳ ಯೋಗಕ್ಷೇಮ ಕೇಳಿದಳು. ಆದರೆ ಕೇಳುವಾಗ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಮೂರು ವರ್ಷದಲ್ಲಿ ಹತ್ತು ವರ್ಷದ ಮುಪ್ಪು ಬಂದಿತ್ತು ಅವಳಿಗೆ.

"ಮಾವ ಕೊಡಗಿಂದ ಯಾವಾಗ ಬತ್ತಾರಂತೆ?"

"ಬತ್ತಾರೆ ಕಣಪ್ಪ. ಸುಗ್ಗಿ ಕಳೀಲಿ ಅಂದವ್ರೆ."

ಮಾರನೆಯ ಬೆಳಿಗ್ಗೆ ಅವನು ಎದ್ದಾಗ ಅತ್ತೆ ಹಿತ್ತಿಲಲ್ಲಿ ಒರಳುಕಲ್ಲಿನ ಮುಂದೆ ಕೂತು ಸೀತಾಫಲದ ಎಲೆ ಅರೆಯುತ್ತಿದ್ದಳು. ಪಕ್ಕದಲ್ಲಿ ಹೊಗೆಸೊಪ್ಪು, ಸುಣ್ಣ. ಹುಳ ಬಿದ್ದ ಗಾಯಕ್ಕೆ ಈ ಮೂರನ್ನು ಕಲಸಿ ಮೆತ್ತುವುದು ಎಲ್ಲ ಊರಲ್ಲೂ ಇದ್ದದ್ದೇ.

"ಯಾವ್ದಕ್ಕೆ ಅತ್ತೆ ಇದು?"

"ಆಡ್ಗೆ ಕಣಪ್ಪ. ಕೊಂಬಿನ ತಾವ ಗಾಯ ಆಗದೆ."

"ಎಲ್ಲೈತೆ ಆಡು? ತೋರ್ಸು, ನಾನೇ ಕೀಳ್ತೀನಿ. ಅದೇ ನನ್ ಕೆಲ್ಸ."

ಪುಟ್ಟಮಾದಮ್ಮ ಅರೆಯುವ ಕೈ ನಿಲ್ಲಿಸಿದಳು. ಆ ಮನೆಯಲ್ಲಿ ಆಡು ಇರಲಿಲ್ಲ, ಆಡು ಕಟ್ಟಿದ ಗೂಟವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಮುದ್ದೆಯ ಬಟ್ಟಲನ್ನೂ ಎಲೆಯ ಉಂಡೆಯನ್ನೂ ಸೆರಗಲ್ಲಿ ಮುಚ್ಚಿಕೊಂಡು ಹೊರಟಾಗ ಕರಿಸಿದ್ದಯ್ಯ ಚೀಲ ಹೆಗಲಿಗೇರಿಸಿ ಹಿಂದೆ ನಡೆದ. ಅವಳು ಒಂದು ಸಲ ತಿರುಗಿ ನೋಡಿದಳು, ಬರಬೇಡ ಎನ್ನಲಿಲ್ಲ.

ಊರಾಚೆ ಒಣ ಹಳ್ಳ ದಾಟಿದ ಮೇಲೆ ಜಾಲಿಮರಗಳ ನಡುವೆ ಸೋಗೆ ಹೊದಿಸಿದ ಒಂದು ಗುಡಿಸಲಿತ್ತು. ಎತ್ತರ ಎದೆಮಟ್ಟ. ಬಾಗಿಲಲ್ಲಿ ಮಾವ ಕೆಂಪಸಿದ್ದಯ್ಯ ಕೂತಿದ್ದ. ಕೈಬೆರಳು ಮೊಟಕಾಗಿ, ಕಿವಿ ದಪ್ಪವಾಗಿ, ಹುಬ್ಬಿನ ಕೂದಲೆಲ್ಲ ಉದುರಿತ್ತು. ನೋಡಿದ ಕೂಡಲೇ ದೊಡ್ಡ ರೋಗ, ಅಂದರೆ ಕುಷ್ಠ, ಎಂದು ತಿಳಿಯುತ್ತಿತ್ತು. ಬಲಗಾಲಿಗೆ ಹಳೆ ಸೀರೆಯ ಚೂರು ಸುತ್ತಿತ್ತು.

"ಅಳಿಯಂದ್ರು ಬಂದ್ರಾ," ಎಂದ ಕೆಂಪಸಿದ್ದಯ್ಯ. ನಗಲು ನೋಡಿದ. "ಕೊಡಗು ಬೋ ದೂರ ಅಂದ್ಕಂಡಿದ್ದೆ. ಹಳ್ಳದಾಚೆಗೇ ಐತೆ."

ಪುಟ್ಟಮಾದಮ್ಮ ಬಟ್ಟಲು ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ಒಂದೊಂದೇ ಹೇಳಿದಳು. ರೋಗ ಕಂಡಾಗ ಊರು ಆಚೆ ಹಾಕಿತು. ಸುದ್ದಿ ಹಲಗೂರಿಗೆ ತಿಳಿದರೆ ಮಗಳನ್ನು ತವರಿಗೆ ಅಟ್ಟಿಬಿಡುತ್ತಾರೆಂದು ಇಬ್ಬರೂ ಕೂತು ಕೊಡಗಿನ ಮಾತು ಕಟ್ಟಿದರು. ದಿನಾ ಒಂದು ಹೊತ್ತು ಮುದ್ದೆ ತಂದಿಟ್ಟು ಹೋಗುತ್ತಾಳೆ. ಒಂದು ತಿಂಗಳ ಹಿಂದೆ ಕಾಲಿಗೆ ಕೂಳೆ ಚುಚ್ಚಿತು. ಅದಕ್ಕೀಗ ಹುಳ ಬಿದ್ದಿದೆ.

"ನಾವೇನು ಅಟ್ಟುತಿದ್ವಾ ಅತ್ತೆ?" ಎಂದ ಕರಿಸಿದ್ದಯ್ಯ.

ಅಂದ ಮೇಲೆ ಅವನಿಗೆ ತನ್ನ ಅವ್ವನ ನೆನಪಾಗಿ, ಹಟ್ಟಿಯ ಯಜಮಾನರ ನೆನಪಾಗಿ, ಆ ಮಾತನ್ನು ಮುಂದುವರಿಸಲು ಧೈರ್ಯವಾಗಲಿಲ್ಲ.

ಬಟ್ಟೆ ಬಿಚ್ಚಿದ. ಹಿಮ್ಮಡಿಯ ಮೇಲೆ ಹಿಡಿಯಗಲದ ಗಾಯ. ಅದರ ತುಂಬ ಬಾಲಗಳು ನೆಟ್ಟಗೆ ನಿಂತಿದ್ದವು. ಒಣಭೂಮಿಯಲ್ಲಿ ಇಲ್ಲವೇ ಇಲ್ಲ ಎಂದಿದ್ದ ನೊಣದ್ದು. ಅವನು ಹಳ್ಳದಲ್ಲಿ ನೀರಿಗಾಗಿ ಒರತೆ ತೋಡಿ, ಗಾಯ ತೊಳೆದು, ಮಂಡಿಯೂರಿ ಕೂತು ಚಿಮಟ ಹಿಡಿದ. ಎತ್ತಾದರೆ ನಾಲ್ಕು ಜನ ಹಿಡಿದುಕೊಳ್ಳಬೇಕಾಗುತ್ತಿತ್ತು. ಮಾವ ಕದಲದೆ ಕೂತು ಮುದ್ದೆ ನುಂಗುತ್ತಿದ್ದ.

"ನೋವಾಯ್ತಾ ಮಾವ?"

"ಎಲ್ಲಿ ಬಂತಪ್ಪ ನೋವು. ಕಣ್ಗೆ ಕಾಣ್ತವೆ, ಕಾಲ್ಗೆ ತಿಳಿಯಕಿಲ್ಲ. ಮೊದ್ಲ ದಿನ ಬಿದ್ದಾಗ್ಲೇ ತಿಳ್ದಿದ್ರೆ ಇಷ್ಟಾಗ್ತಿರ್ಲಿಲ್ಲ."

ಅರವತ್ತಮೂರು ಹುಳ ಬಂದವು. ಆಳದಲ್ಲಿ ಇನ್ನೂ ಇದ್ದವು, ಅವಕ್ಕೆ ಚಿಮಟ ಎಟುಕಲಿಲ್ಲ. ಮಂಡ್ಯದ ಆಸ್ಪತ್ರೆಗೆ ಹೋಗೋಣ ಎಂದ ಕರಿಸಿದ್ದಯ್ಯ. ಬಸ್ಸಿಗೆ ಹತ್ತಿಸುವವರಾರು, ಗಾಡಿ ಕೊಡುವವರಾರು ಎಂದಳು ಅತ್ತೆ. ಎಂಟು ದಿನದೊಳಗೆ ಹುಳದ ಎಣ್ಣೆ ತಂದೇ ತರುತ್ತೇನೆ ಎಂದು ಮಾತು ಕೊಟ್ಟು ಅವನು ಎದ್ದ. ಕೊಳವೆಯ ಚೀಟಿಯಲ್ಲಿ ಪ್ರಾಣಿ ಎಂಬ ಜಾಗ ಬಂದಾಗ ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಕೂತಿದ್ದು, ಕೊನೆಗೆ 'ಮನುಷ್ಯ' ಎಂದು ಬರೆದ.

ಮಂಡ್ಯದಲ್ಲಿ ಇನ್ಸ್‌ಪೆಕ್ಟರು ಕೊಳವೆಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಬೆರಗಾದರು. "ಅದೇ ಕಣಯ್ಯಾ. ನನ್ನ ಅಂದಾಜು ತಪ್ಪಾಯ್ತು." ಕೆಂಪು ಮಸಿಯ ಕಡ್ಡಿ ಕೈಗೆ ತೆಗೆದುಕೊಂಡರು. ಆಮೇಲೆ ಚೀಟಿ ಓದಿ, ಕಡ್ಡಿಯನ್ನು ಮತ್ತೆ ಕೆಳಗಿಟ್ಟರು.

"ಇದು ಜಾನುವಾರು ಸರ್ವೆ. ಮನುಷ್ಯನದ್ದು ನಮಗೆ ಸೇರೋದಿಲ್ಲ."

"ನೊಣ ಒಂದೇ ಅಲ್ವಾ ಸಾಮಿ?"

"ನೊಣ ಒಂದೇ. ಇಲಾಖೆ ಬೇರೆ. ಆ ಮನುಷ್ಯ ಎಲ್ಲಿಂದ ಬಂದ, ಎಲ್ಲಿ ಹುಳ ಹತ್ತಿಸಿಕೊಂಡ ಅಂತ ಮೇಲಿನವರು ಕೇಳ್ತಾರೆ. ದನ ಆದರೆ ಊರು ಬಿಟ್ಟು ಹೋಗಲ್ಲ ಅಂತ ಒಪ್ತಾರೆ. ಆರೋಗ್ಯದವರಿಗೆ ಒಂದು ಕಾಗದ ಬರೀತೀನಿ. ನೀನು ಅಲ್ಲಿಂದ ಒಂದು ಎತ್ತಿನದೋ ಕರುವಿನದೋ ತಾ. ಅವತ್ತೇ ಚುಕ್ಕೆ ಹಾಕ್ತೀನಿ."

ಆ ಮನುಷ್ಯ ನನ್ನ ಮಾವ ಎನ್ನಲು ಕರಿಸಿದ್ದಯ್ಯನ ನಾಲಗೆ ಏಳಲಿಲ್ಲ. ಎಂದರೆ, ರೋಗಿಯ ಮನೆಯ ಅಳಿಯ ಎಂದು ಕೆಲಸವೇ ಹೋಗಬಹುದಿತ್ತು. ಒಂದು ಸೀಸೆ ಎಣ್ಣೆ ಕೊಡಿ ಎಂದು ಮಾತ್ರ ಕೇಳಿದ. ಎಲ್ಲ ಲೆಕ್ಕದ ಮೇಲೆ ಬಂದಿದೆ ಎಂದು ಹೇಳಿ, ಅವರು ತಮ್ಮ ಮೇಜಿನ ಫಿನಾಯಿಲನ್ನೇ ಒಂದು ಸಣ್ಣ ಕೊಳವೆಗೆ ಸುರಿದು ಕೊಟ್ಟರು. ಕೆಟ್ಟವರಲ್ಲ. ಆದರೆ ಮರುದಿನವೇ ಅವನನ್ನು ನಿಡಘಟ್ಟಕ್ಕೂ ಮದ್ದೂರಿನ ಸುತ್ತಿನ ಹಳ್ಳಿಗಳಿಗೂ ಕಳಿಸಿದರು. ಹೊಳೆಯ ದಂಡೆಯಲ್ಲಿ ಎಮ್ಮೆಗಳಿಗೆ ಹುಳ ಜೋರಾಗಿದೆ, ಈಗಲೇ ಹೋಗಬೇಕು ಎಂದು.

ಅವನು ಹೋದ. ಮುಂದೆ ಎಷ್ಟೋ ವರ್ಷ ಕರಿಸಿದ್ದಯ್ಯ ತನ್ನನ್ನು ತಾನೇ ಕೇಳಿಕೊಂಡದ್ದು ಇದನ್ನೇ. ಮೈ ಹುಷಾರಿಲ್ಲ ಎಂದು ಒಂದು ಸುಳ್ಳು ಹೇಳಿ ಬಸರಾಳಿನ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು? ಅವತ್ತು ಅದು ತೋಚಲಿಲ್ಲ. ಸರ್ಕಾರದ ಚೀಲ ಹೊತ್ತವನು ಹೇಳಿದ ಕಡೆ ಹೋಗಬೇಕು ಎಂಬುದೊಂದೇ ತಲೆಯಲ್ಲಿತ್ತು. ಎಮ್ಮೆಗಳ ಕೆಚ್ಚಲಿನಿಂದ, ಎತ್ತುಗಳ ಹೆಗಲಿನಿಂದ ಹುಳ ಕೀಳುತ್ತ ಕೀಳುತ್ತ ಎಂಟು ದಿನ ಕಳೆಯಿತು, ಹತ್ತಾಯಿತು. ಹೆಂಡತಿಗೂ ಏನೂ ಹೇಳಲಿಲ್ಲ. ನಡುವೆ ಒಂದು ದಿನ ಮನೆಗೆ ಹೋಗಿ ಬಂದಾಗ ದೇವಿರಮ್ಮ, "ಅವ್ವ ಎಂಗವ್ಳೆ? ಅಪ್ಪಂದೇನಾರ ಸುದ್ದಿ ಐತಾ?" ಎಂದು ಕೇಳಿದ್ದಳು. "ಚೆಂದಾಗವ್ರೆ," ಎಂದಿದ್ದ.

ಅವನು ಮತ್ತೆ ಕರೇಕೊಪ್ಪಲಿಗೆ ಕಾಲಿಟ್ಟದ್ದು ಹತ್ತೊಂಬತ್ತನೆಯ ದಿನ. ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಬಸರಾಳಿನ ತನಕ ನಡೆದೇ ಬಂದಿದ್ದ. ಪಟೇಲನ ಮನೆಯ ಮುಂದೆ ನಿಂತು ಇನ್ನೊಂದು ಸಲ ಬೇಡಿದ. ಒಂದೇ ಒಂದು ದನ ತೋರಿಸಿ, ನಿಮ್ಮೂರಿಗೆ ಎಣ್ಣೆ ಬರುತ್ತದೆ ಎಂದ.

"ಎಣ್ಣೆನೂ ಬ್ಯಾಡ, ನಿನ್ ಸಾವಾಸಾನೂ ಬ್ಯಾಡ," ಎಂದು ಹುಚ್ಚೀರಯ್ಯ ಒಳಗೆ ಹೋದ.

ಗುಡಿಸಲಿನ ವಾಸನೆ ಹಳ್ಳದ ಈಚೆಗೇ ಬರುತ್ತಿತ್ತು. ಕೆಂಪಸಿದ್ದಯ್ಯ ಮಲಗಿದ್ದ. ಹುಳ ಹಿಮ್ಮಡಿಯಿಂದ ಮೇಲಕ್ಕೆ ನುಗ್ಗಿ, ಮೀನಖಂಡದವರೆಗೆ ಕಾಲನ್ನು ಟೊಳ್ಳು ಮಾಡಿತ್ತು. ಕಣಕಾಲಿನ ಎಲುಬು ಬೆಳ್ಳಗೆ ಕಾಣುತ್ತಿತ್ತು. ಜ್ವರದಿಂದ ಮೈ ಕೆಂಡವಾಗಿತ್ತು. ಆದರೂ ಬುದ್ಧಿ ಸರಿಯಾಗಿಯೇ ಇತ್ತು. ಕರಿಸಿದ್ದಯ್ಯ ಕೀಳಲಾದಷ್ಟನ್ನು ಕಿತ್ತು, ಆ ಸಣ್ಣ ಕೊಳವೆಯ ಫಿನಾಯಿಲನ್ನು ನೀರಿಗೆ ಬೆರೆಸಿ ಗಾಯಕ್ಕೆ ಸುರಿದ. ಒಳಗಿದ್ದವು ಬಿಳಿ ನೊರೆಯ ಹಾಗೆ ಉಕ್ಕಿ ಬಂದವು. ಕೊಳವೆ ಒಂದೇ ಸಲಕ್ಕೆ ಖಾಲಿಯಾಯಿತು.

"ಇನ್ನೂ ಐತಾ?" ಎಂದು ಕೇಳಿದಳು ಪುಟ್ಟಮಾದಮ್ಮ.

ಇಲ್ಲ ಎಂದ. ಚುಕ್ಕೆ ಬೀಳದೆ ಎಣ್ಣೆ ಬರುವುದಿಲ್ಲ, ಮನುಷ್ಯನ ಹುಳಕ್ಕೆ ಚುಕ್ಕೆ ಬೀಳುವುದಿಲ್ಲ, ಪಟೇಲ ದನ ತೋರಿಸುವುದಿಲ್ಲ ಎಂದು ಇದ್ದದ್ದನ್ನೆಲ್ಲ ಹೇಳಿದ. ತಡವಾಗಿ ಬಂದದ್ದನ್ನೂ ಹೇಳಿದ. ಅತ್ತೆ ಬೈಯಲಿಲ್ಲ. ಕೆಂಪಸಿದ್ದಯ್ಯ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡ.

"ಎತ್ತು ಅಂತ ಬರ್ಕೋ," ಎಂದ.

"ಮಾವ..."

"ಬರ್ಕೊಳ್ಳಪ್ಪ. ಐವತ್ತು ವರ್ಸ ಈ ಪಟೇಲನ ಹೊಲ ಗೇಯ್ದಿವ್ನಿ, ಅವ್ನಪ್ಪನ ಹೊಲಾನೂ ಗೇಯ್ದಿವ್ನಿ. ಯಾರಾರ ಬಂದು ಕೇಳುದ್ರೆ ಹೂಂ ಅಂತೀನಿ."

ಕರಿಸಿದ್ದಯ್ಯ ಗುಡಿಸಲಿನಿಂದ ಹೊರಗೆ ಬಂದು ಜಾಲಿಮರದ ನೆರಳಲ್ಲಿ ಕೂತ. ಈಗ ಕಿತ್ತ ಹುಳಗಳನ್ನು ಹಾಕಿದ ಸ್ಪಿರಿಟ್ ಕೊಳವೆಯ ಚೀಟಿಯ ಮೇಲೆ 'ಕರೇಕೊಪ್ಪಲು, ಎತ್ತು, ಬಲಗಾಲು' ಎಂದು ಬರೆದ. ಬರೆದದ್ದನ್ನು ಎರಡನೆಯ ಸಲ ಓದದೆ ಅಂಟಿಸಿದ. ಮಾರನೆಯ ದಿನ ಮಂಡ್ಯಕ್ಕೆ ನಡೆದು, ಕತ್ತಲಾಗುವ ಮುಂಚೆ ಕೋಣೆಯ ಬಾಗಿಲು ತಟ್ಟಿದ. ಇನ್ಸ್‌ಪೆಕ್ಟರು ಚೀಟಿ ಓದಿ, "ಭೇಷ್, ಸಿಕ್ಕಿತಲ್ಲ," ಎಂದು ಬಸರಾಳಿನ ಪಕ್ಕ ಕೆಂಪು ಮಸಿಯಿಂದ ಒಂದು ಚುಕ್ಕೆ ಇಟ್ಟರು. ಎಣ್ಣೆ ಎಂದು ಬರುತ್ತದೆ ಎಂದು ಕೇಳಿದ. ಪಟ್ಟಿ ಬೆಂಗಳೂರಿಗೆ ಹೋಗಿ ಮಂಜೂರಾಗಿ ಬರಬೇಕು, ಹತ್ತು ಹದಿನೈದು ದಿನ ಎಂದರು.

ಈ ಸಲ ಅವನು ಸುಳ್ಳು ಹೇಳಿದ. ಹೊಟ್ಟೆನೋವೆಂದು ರಜ ಕೇಳಿ, ಕರೇಕೊಪ್ಪಲಿಗೆ ವಾಪಸು ಹೋಗಿ ಗುಡಿಸಲಿನ ಹತ್ತಿರವೇ ಉಳಿದ. ದಿನಾ ಸೀತಾಫಲದ ರಸ ಹಿಂಡಿದ, ಕೀಳಲಾದಷ್ಟು ಕಿತ್ತ. ಕಿತ್ತ ಹುಳವನ್ನು ಈಗ ಸೀಸೆಗೆ ಹಾಕುತ್ತಿರಲಿಲ್ಲ, ಬೆಂಕಿಗೆ ಹಾಕುತ್ತಿದ್ದ. ಆರನೆಯ ದಿನ ಕೆಂಪಸಿದ್ದಯ್ಯನಿಗೆ ಮಾತು ನಿಂತಿತು. ಏಳನೆಯ ದಿನ ಮಧ್ಯಾಹ್ನ, ಪುಟ್ಟಮಾದಮ್ಮ ನೀರು ಬಿಡುತ್ತಿದ್ದಾಗ, ಬಾಯಿಂದ ನೀರು ಹೊರಗೇ ಹರಿದುಬಂತು. ಹಟ್ಟಿಯವರು ಯಾರೂ ಬರಲಿಲ್ಲ. ಅಳಿಯನೂ ಅತ್ತೆಯೂ ಹಳ್ಳದ ದಂಡೆಯಲ್ಲಿ ಗುಣಿ ತೋಡಿ ಮಣ್ಣು ಮಾಡಿದರು.

ನಾಲ್ಕು ದಿನದ ಮೇಲೆ ಎಣ್ಣೆ ಬಂತು. ದನದ ಆಸ್ಪತ್ರೆಯ ಕಾಂಪೌಂಡರು ಗಾಡಿಯಲ್ಲಿ ಹನ್ನೆರಡು ಸೀಸೆ ತಂದು, ಪಟೇಲನ ಮನೆಯ ಮುಂದೆ ಇಳಿಸಿ, ಪಟ್ಟಿ ತೆಗೆದು ಓದಿದರು. ಊರವರೂ ಸೇರಿದರು. ಹಟ್ಟಿಯವರು ದೂರ ನಿಂತರು. ಕರಿಸಿದ್ದಯ್ಯನೂ ಪುಟ್ಟಮಾದಮ್ಮನೂ ಅವರ ಜೊತೆಗಿದ್ದರು.

"ಎತ್ತು, ಬಲಗಾಲು ಅಂತಿದೆ. ಯಾರ ಎತ್ತು? ಅದನ್ನು ನೋಡಿ, ರುಜು ಹಾಕಿಸಿಕೊಂಡು ಎಣ್ಣೆ ಕೊಡಬೇಕು."

ಹುಚ್ಚೀರಯ್ಯ ಊರವರ ಮುಖ ನೋಡಿದ. ಊರವರು ಕರಿಸಿದ್ದಯ್ಯನ ಮುಖ ನೋಡಿದರು. ಎತ್ತು ಇಲ್ಲದಿದ್ದರೆ ಎಣ್ಣೆ ಗಾಡಿಯಲ್ಲೇ ವಾಪಸು ಹೋಗುತ್ತಿತ್ತು, ಸುಳ್ಳು ಚೀಟಿ ಬರೆದವನ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು. ಕರಿಸಿದ್ದಯ್ಯ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಮಾದಮ್ಮ ಎರಡು ಹೆಜ್ಜೆ ಮುಂದೆ ಬಂದಳು.

"ನಮ್ದು ಸಾಮಿ. ಸತ್ತೋಯ್ತು. ನಾಕು ದಿನ ಆಯ್ತು."

"ಚರ್ಮ ಸುಲಿದಿರಾ?"

"ಇಲ್ಲ. ಮಣ್ಗಾಕಿದ್ವಿ."

"ಎತ್ತನ್ನ ಯಾಕಮ್ಮ ಹೂತಿರಿ? ನಿಮ್ಮವರು ಸುಲೀದೆ ಬಿಡೋದುಂಟೇ?"

"ಹುಳ ತಿಂದಿತ್ತು ಸಾಮಿ. ಸುಲಿಯಾಕೇನೂ ಉಳ್ದಿರ್ಲಿಲ್ಲ."

ಸೇರಿದ್ದ ಜನಕ್ಕೆಲ್ಲ ಯಾರನ್ನು ಹೂತರೆಂದು ಗೊತ್ತಿತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ. ಕಾಂಪೌಂಡರು ಪಟ್ಟಿಯಲ್ಲಿ 'ಸತ್ತಿದೆ' ಎಂದು ಗುರುತು ಹಾಕಿ, ಬೇರೆ ದನಗಳಿಗೆ ಬಿದ್ದಿದೆಯೇ ಎಂದು ಕೇಳಿದರು. ಆಗ ಹುಚ್ಚೀರಯ್ಯ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದ. ಒಳಗಿಂದ ಎರಡು ಎತ್ತು, ಒಂದು ಕರು ಹೊರಬಂದವು. ಕರುವಿನ ಹೊಕ್ಕುಳು ಕೊಳೆತು ಹೋಗಿತ್ತು. ಅದು ಸಂಜೆಗೇ ಸತ್ತಿತು. ಎತ್ತುಗಳು ಎಣ್ಣೆಯಿಂದ ಉಳಿದವು. ಪಟೇಲ ಮೊದಲು ಹೊರತಂದ ಮೇಲೆ ಊರಿನ ಉಳಿದ ಕೊಟ್ಟಿಗೆಗಳ ಬಾಗಿಲೂ ತೆರೆದವು.

ಕರಿಸಿದ್ದಯ್ಯ ಹಲಗೂರಿಗೆ ಹೋಗಿ ಹೆಂಡತಿಯ ಮುಂದೆ ಕೂತು ಎಲ್ಲ ಹೇಳಿದ. ಕೊಡಗಿನ ಸುಳ್ಳು, ಗುಡಿಸಲು, ಹತ್ತೊಂಬತ್ತು ದಿನ, ಚೀಟಿ. ದೇವಿರಮ್ಮ ಅಳುವುದಕ್ಕೆ ಮುಂಚೆ ಕೇಳಿದ್ದು ಒಂದೇ.

"ಎತ್ತು ಅಂತ ಬರ್ದಾ?"

"ಹೂಂ."

"ನಮ್ಮಪ್ಪನ್ನ?"

"ಅವ್ರೇ ಹೇಳುದ್ರು ಕಣೆ."

"ಅವ್ರು ಹೇಳ್ತಾರೆ. ಸಾಯೋರು ಏನ್ ಬೇಕಾರೂ ಹೇಳ್ತಾರೆ. ಬರ್ದೋನು ನೀನು."

ಎರಡು ದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಎದ್ದು ಸೀರೆ ಉಟ್ಟು ನಿಂತಳು. "ನಡಿ ಕೊಪ್ಪಲಿಗೆ. ಊರಲ್ಲಿ ಸತ್ತೋರ ಬುಕ್ಕು ಅಂತ ಇರ್ತದಲ್ಲ, ಪಟೇಲರ ತಾವ. ಅದ್ರಲ್ಲಿ ನಮ್ಮಪ್ಪನ ಹೆಸ್ರು ಬರ್ಸು. ಅಲ್ಲಿ ಎತ್ತು ಮಾಡ್ದೆ, ಇಲ್ಲಾದ್ರೂ ಮನ್ಸನ್ನ ಮಾಡು."

ಕೊಪ್ಪಲಿನಲ್ಲಿ ಪುಟ್ಟಮಾದಮ್ಮನನ್ನೂ ಕರೆದುಕೊಂಡು ಪಟೇಲನ ಮನೆಗೆ ಹೋದರು. ಹುಚ್ಚೀರಯ್ಯ ಈಗ ಅವರನ್ನು ಗದರಲಿಲ್ಲ. ಬಂದ ಕಾರಣ ಕೇಳಿ, ಜಗಲಿಯ ಮೇಲೆ ಕೂತು ಮೀಸೆ ತೀಡಿಕೊಂಡ. ಆಮೇಲೆ ಒಳಗಿಂದ ಬುಕ್ಕು ತಂದು ಹಳೆಯ ಹಾಳೆ ತಿರುವಿದ.

"ಬರಿಯಾಕಾಗಕಿಲ್ಲ ಕಣವ್ವ. ಬರ್ದಾಗೈತೆ."

"ಯಾವಾಗ ಬರುದ್ರಿ ಬುದ್ದಿ?"

"ಮೂರು ವರ್ಸ ಆಯ್ತು. ಕೆಂಪಸಿದ್ದಯ್ಯ, ಜ್ವರ. ಒಬ್ಬನ್ನ ಎರಡು ಸಲ ಸಾಯ್ಸಾಕಾಗಕಿಲ್ಲ, ಮೇಲ್ನೋರು ನೋಡುದ್ರೆ ನನ್ ಪಟೇಲ್ಕೆ ಹೋಯ್ತದೆ. ಆಗ ಜನಗಣತಿಯೋರು ಬರೋರಿದ್ರು. ರೋಗ ಇರೋರ್ನ ಹೊತ್ಕೊಂಡೋಗಿ ಎಲ್ಲೋ ಕೂಡಾಕ್ತಾರೆ ಅಂತಿದ್ರು. ನಿಮ್ಮವ್ವಾನೇ ಬಂದು ಕಾಲು ಕಟ್ಕೊಂಡ್ಳು, ಸತ್ತ ಅಂತ ಬರೀರಿ ಅಂತ."

ದೇವಿರಮ್ಮ ತಿರುಗಿ ಅವ್ವನನ್ನು ನೋಡಿದಳು. ಪುಟ್ಟಮಾದಮ್ಮ ಹೌದು ಎಂಬಂತೆ ತಲೆಯಾಡಿಸಿದಳು. "ಕಣ್ಮುಂದೆ ಇರ್ಲಿ ಅಂದ್ಕಂಡೆ ಕಣವ್ವ," ಎಂದಳು. "ಮುದ್ದೆ ಒಯ್ಯೋಷ್ಟು ದೂರ್ದಲ್ಲಾರ ಇರ್ಲಿ ಅಂತ."

ಮೂವರೂ ಹಳ್ಳ ದಾಟಿ ಹೋದರು. ದೇವಿರಮ್ಮ ಅಪ್ಪನನ್ನು ಹೂತ ಜಾಗದಲ್ಲಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು ಗುಡಿಸಲಿನ ಸೋಗೆಯನ್ನು ಕೈಯಿಂದಲೇ ಎಳೆದು ಎಳೆದು ಹಾಕಿದಳು. ಕರಿಸಿದ್ದಯ್ಯ ಗಳುಗಳನ್ನು ಕಿತ್ತು ರಾಶಿ ಮಾಡಿ ಬೆಂಕಿ ಕೊಟ್ಟ. ಪುಟ್ಟಮಾದಮ್ಮನನ್ನು ಜೊತೆಗೆ ಕರೆದುಕೊಂಡು ಹಲಗೂರಿಗೆ ಬಂದರು.

ಬಂದ ಮಾರನೆಯ ದಿನ ಹಟ್ಟಿಯ ಹೆಂಗಸರು ಸಾವಿನ ಸುದ್ದಿ ಕೇಳಿ ಮಾತಾಡಿಸಲು ಬಂದು ಜಗಲಿಯ ಮೇಲೆ ಕೂತರು. ಏನಾಗಿತ್ತು ಎಂದು ಕೇಳಿದರು. ಪುಟ್ಟಮಾದಮ್ಮ ಕಣ್ಣೊರೆಸಿಕೊಂಡು, "ಕೊಡಗಿನ ತೋಟದಲ್ಲಿ ಜ್ವರ ಬಂದು..." ಎಂದು ಶುರು ಮಾಡಿದಳು.

"ಇಲ್ಲ," ಎಂದಳು ದೇವಿರಮ್ಮ. "ನಮ್ಮಪ್ಪನ್ಗೆ ದೊಡ್ಡ ರೋಗ ಆಗಿತ್ತು. ಮೂರು ವರ್ಸ ಊರಾಚೆ ಗುಡ್ಲಲ್ಲಿದ್ರು. ಕಾಲ್ಗೆ ಹುಳ ಬಿದ್ದು ಸತ್ರು."

ಕರಿಸಿದ್ದಯ್ಯ ಬಾಗಿಲ ಪಕ್ಕದಲ್ಲಿ ನಿಂತಿದ್ದ. ಹೆಂಡತಿಯನ್ನು ತಡೆಯಬೇಕೆಂದು ಅನ್ನಿಸಿತು, ಆದರೆ ತಡೆಯಲಿಲ್ಲ. ಹೆಂಗಸರಲ್ಲಿ ಒಬ್ಬಳು ಒಲೆ ಮೇಲೆ ಸಾರಿಟ್ಟಿದ್ದೇನೆ ಎಂದು ಎದ್ದಳು. ಇನ್ನೊಬ್ಬಳು ಅವಳ ಹಿಂದೆ ಹೋದಳು. ಹಾಗೇ ಒಬ್ಬೊಬ್ಬರಾಗಿ ಎಲ್ಲ ಹೋದರು. ಕುಡಿಯಲು ಕೊಟ್ಟಿದ್ದ ನೀರು ಚೊಂಬಿನಲ್ಲಿ ಹಾಗೇ ಉಳಿದಿತ್ತು. ಆ ವರ್ಷವೆಲ್ಲ ಆ ಮನೆಯಿಂದ ಯಾರೂ ಒಲೆಗೆ ಬೆಂಕಿ ಕೇಳಲಿಲ್ಲ, ಒಂದು ಮದುವೆಗೂ ಕರೆಯಲಿಲ್ಲ. ಕರಿಸಿದ್ದಯ್ಯನ ಅವ್ವ ತಾನು ಉಣ್ಣುವ ಗಂಗಳ ತೆಗೆದುಕೊಂಡು ಕಿರಿಮಗನ ಮನೆಗೆ ಹೊರಟುಹೋದಳು.

ಅವತ್ತು ಜಗಲಿಯಲ್ಲಿ ಏಳದೆ ಉಳಿದವಳು ಒಬ್ಬಳೇ, ಕೊನೆ ಮನೆಯ ಮುದುಕಿ ಮಂಚಮ್ಮ. ಉಳಿದವರ ಹೆಜ್ಜೆ ಸಪ್ಪಳ ದೂರವಾಗುವ ತನಕ ಕಾದಳು.

"ಕರಿಸಿದ್ದ, ನೀನು ಹುಳ ಕೀಳ್ತೀಯಲ್ಲ," ಎಂದಳು ಮೆತ್ತಗೆ. "ಮನ್ಸರ್ಗೂ ಕೀಳ್ತೀಯಾ?"

"ಯಾಕವ್ವ?"

"ನಮ್ಮಣ್ಣ ಅವ್ನೆ. ಮುತ್ತತ್ತಿ ದಾರೀಲಿ, ಕಾಡಂಚ್ನಲ್ಲಿ. ಆರು ವರ್ಸ ಆಯ್ತು. ಯಾರ್ಗೂ ಹೇಳಿಲ್ಲ."

ಕರಿಸಿದ್ದಯ್ಯ ಒಳಗೆ ಹೋಗಿ ಖಾಕಿ ಚೀಲದಿಂದ ಚೀಟಿಗಳನ್ನೂ ಕೊಳವೆಗಳನ್ನೂ ತೆಗೆದು ಗೂಡಿನಲ್ಲಿಟ್ಟ. ಚಿಮಟವನ್ನೂ, ಕರೇಕೊಪ್ಪಲಿನಲ್ಲಿ ಕೇಳಿ ತಂದಿದ್ದ ಅರ್ಧ ಸೀಸೆ ಎಣ್ಣೆಯನ್ನೂ ಚೀಲದಲ್ಲೇ ಬಿಟ್ಟ. ದೇವಿರಮ್ಮ ಹಳೆಯ ಸೀರೆಯೊಂದನ್ನು ಉದ್ದುದ್ದ ಹರಿದು ಸುತ್ತಿ ಅವನ ಕೈಗೆ ಕೊಟ್ಟಳು. ಬಿಸಿಲೇರುವ ಮುಂಚೆ ಅವನು ಮಂಚಮ್ಮನ ಹಿಂದೆ ಮುತ್ತತ್ತಿಯ ದಾರಿ ಹಿಡಿದ.